ಎಡಗೈಯವಳ ಲೆಕ್ಕ ಬೇರೆ

ಹೋದ ತಿಂಗಳು ನಮ್ಮ ಶೂಟಿಂಗ್ ಸ್ಕ್ವಾಡಿಗೆ ಹುಬ್ಬಳ್ಳಿಯ ಹುಡುಗನೊಬ್ಬ ಹೊಸದಾಗಿ ಸೇರಿದ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ಹೊರಗೆ ಆಳೆತ್ತರದ ಕಳ್ಳಿಗಳ ಬಯಲು. ಬೆಳಿಗ್ಗೆ ಏಳಕ್ಕೇ ಬಿಸಿಲು ಚುರುಗುಡುತ್ತಿತ್ತು. ಅವನ ಸರದಿ ಐದನೆಯದು. ಅಷ್ಟರೊಳಗೆ ಮೂವರು ಹಿರಿಯ ಶೂಟರ್‌ಗಳು ಅವನನ್ನು ಸುತ್ತುವರಿದು ಮೂರು ದಾರಿ ಹೇಳಿಕೊಟ್ಟಿದ್ದರು. ಒಬ್ಬರು ಎಡಗಡೆಯಿಂದ ಶುರು ಮಾಡು ಎಂದರು. ಇನ್ನೊಬ್ಬರು ನಡುವಿನ ಕಿಂಡಿಯಿಂದ ಎಂದರು. ಮೂರನೆಯವರು ಓಡುತ್ತಲೇ ಹೊಡೆಯಬೇಕು, ನಿಂತರೆ ಸಮಯ ಹೋಗುತ್ತದೆ ಎಂದರು. ಟೈಮರ್ ಬೀಪ್ ಎಂದಿತು. ಹುಡುಗ ಪಿಸ್ತೂಲು ತೆಗೆದ, ಎರಡು ಹೆಜ್ಜೆ ಎಡಕ್ಕೆ ಹೋದ, ನಿಂತ, ಬಲಕ್ಕೆ ತಿರುಗಿದ, ಮತ್ತೆ ನಿಂತ. ಕೊನೆಗೆ ಹೇಗೋ ಮುಗಿಸಿ ನನ್ನ ಹತ್ತಿರ ಬಂದು, "ಅಕ್ಕಾರ, ಒಬ್ಬೊಬ್ರು ಒಂದೊಂದ್ ಹೇಳಿದ್ರು. ಯಾರ್ದ್ ಮಾತ್ ಕೇಳ್ಬೇಕ್ರಿ? ತೆಲಿನ ಓಡ್ಲಿಲ್ಲ ನೋಡ್ರಿ" ಎಂದ.

ಅವನ ಮುಖ ನೋಡಿ ನನಗೆ ಸಂಕಟವಾಯಿತು. ಸಿಟ್ಟು ಬಂದದ್ದು ಆ ಮೂವರ ಮೇಲೆ. ಮೂವರೂ ಒಳ್ಳೆಯ ಮನಸ್ಸಿನವರು, ನನಗಿಂತ ಚೆನ್ನಾಗಿ ಹೊಡೆಯುವವರು. ಆದರೂ ಹೇಳುತ್ತೇನೆ, ಅವರು ಮಾಡಿದ್ದು ತಪ್ಪು. ಈ ಆಟದಲ್ಲಿ ಹೊಸಬನಿಗೆ ಸಿದ್ಧ ಪ್ಲಾನ್ ಕೊಡುವುದೆಂದರೆ ಆಟದ ಅರ್ಧ ಭಾಗವನ್ನೇ ಅವನ ಕೈಯಿಂದ ಕಿತ್ತುಕೊಂಡಂತೆ.

ಆಟ ಯಾವುದೆಂದು ಮೊದಲು ಹೇಳಬೇಕು. ನಮ್ಮಲ್ಲಿ ಶೂಟಿಂಗ್ ಎಂದ ಕೂಡಲೇ ನೆನಪಿಗೆ ಬರುವುದು ಒಲಿಂಪಿಕ್ಸ್‌ನ ಹತ್ತು ಮೀಟರ್ ಏರ್ ರೈಫಲ್. ಅಲ್ಲಿ ನಿಂತ ಜಾಗ ಬದಲಾಗುವುದಿಲ್ಲ, ಗುರಿಯೂ ಒಂದೇ. ಪ್ರಾಕ್ಟಿಕಲ್ ಶೂಟಿಂಗ್ ಹಾಗಲ್ಲ. ಮರದ ಚೌಕಟ್ಟಿಗೆ ಜಾಲರಿ ಬಿಗಿದ ಗೋಡೆಗಳು, ಅವುಗಳಲ್ಲಿ ಕಿಂಡಿಗಳು, ಹಿಂದೆ ರಟ್ಟಿನ ಟಾರ್ಗೆಟ್‌ಗಳು, ಗುಂಡು ತಾಗಿದರೆ ಬೀಳುವ ಕಬ್ಬಿಣದ ಪಾಪರ್‌ಗಳು. ಇಂಥ ಒಂದು ಏರ್ಪಾಟಿಗೆ ಸ್ಟೇಜ್ ಎನ್ನುತ್ತಾರೆ. ಕ್ಲಬ್ಬಿನ ಒಂದು ಪಂದ್ಯದಲ್ಲಿ ಸಾಮಾನ್ಯವಾಗಿ ಐದಾರು ಸ್ಟೇಜ್ ಇರುತ್ತವೆ, ಒಂದರಂತೆ ಇನ್ನೊಂದಿಲ್ಲ. ದೊಡ್ಡ ಸ್ಟೇಜಿನಲ್ಲಿ 32 ಗುಂಡಿನವರೆಗೆ ಬೇಕಾಗುತ್ತದೆ. ರಟ್ಟಿಗೆ ಎರಡೆರಡು ಗುಂಡು, ಪಾಪರ್ ಬಿದ್ದರೆ ಸಾಕು. ರಟ್ಟಿನ ನಡುಭಾಗಕ್ಕೆ ಐದು ಅಂಕ. ಅದರ ಆಚೆಗೆ ಸಿ ವಲಯ, ಅದಕ್ಕೂ ಆಚೆ ಡಿ. ನನ್ನಂತೆ ಕಡಿಮೆ ಬಲದ ಗುಂಡು ಬಳಸುವವರಿಗೆ ಸಿ ಮೂರು, ಡಿ ಒಂದು. ಹೆಚ್ಚು ಬಲದ ಗುಂಡಿನವರಿಗೆ ನಾಲ್ಕು ಮತ್ತು ಎರಡು. ತಾಗಬೇಕಾದಷ್ಟು ಗುಂಡು ತಾಗದಿದ್ದರೆ ಕಡಿಮೆಯಾದ ಒಂದೊಂದಕ್ಕೂ ಹತ್ತು ಅಂಕ ಖೋತಾ. ಕೊನೆಗೆ ಒಟ್ಟು ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಬರುವ ಸಂಖ್ಯೆಯೇ ಹಿಟ್ ಫ್ಯಾಕ್ಟರ್. ಹಾಗಾಗಿ ನಿಧಾನವಾಗಿ ಎಲ್ಲ ಸರಿ ಹೊಡೆದವರೂ ಸೋಲುತ್ತಾರೆ, ಓಡೋಡಿ ತಪ್ಪು ಹೊಡೆದವರೂ ಸೋಲುತ್ತಾರೆ.

ಯಾವ ಟಾರ್ಗೆಟ್ ಮೊದಲು, ಎಲ್ಲಿ ನಿಲ್ಲಬೇಕು, ಮ್ಯಾಗಜೀನ್ ಯಾವಾಗ ಬದಲಿಸಬೇಕು, ಇದನ್ನು ಸಾಮಾನ್ಯವಾಗಿ ಪಂದ್ಯ ನಡೆಸುವವರು ಹೇಳುವುದಿಲ್ಲ. ಸ್ಪರ್ಧಿ ತನಗೆ ತೋಚಿದ ರೀತಿಯಲ್ಲಿ ಬಿಡಿಸಿಕೊಳ್ಳಲು ಅವಕಾಶ ಇರಬೇಕು ಎಂಬುದು ಈ ಕ್ರೀಡೆಯ ನಿಯಮಪುಸ್ತಕದ ಮೊದಲ ಅಧ್ಯಾಯದಲ್ಲೇ ಇರುವ ತತ್ತ್ವ. ದೊಡ್ಡ ಪಂದ್ಯಗಳಲ್ಲಿ ಪ್ರತಿ ಸ್ಟೇಜಿಗೆ ಮೊದಲು ಸಾಮಾನ್ಯವಾಗಿ ಐದು ನಿಮಿಷ ಬರಿಗೈಯಲ್ಲಿ ಒಳಗೆ ಓಡಾಡಿ ನೋಡಲು ಬಿಡುತ್ತಾರೆ. ಹನ್ನೆರಡು ಮಂದಿ ತಮ್ಮ ಬೆರಳನ್ನೇ ಪಿಸ್ತೂಲು ಮಾಡಿ, ತುಟಿಯೊಳಗೆ ಎಣಿಸುತ್ತ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದಂತೆ ಅತ್ತಿಂದಿತ್ತ ನಡೆಯುವುದನ್ನು ಮೊದಲ ಸಲ ನೋಡಿದಾಗ ನನಗೆ ದೇವಸ್ಥಾನದ ಪ್ರದಕ್ಷಿಣೆ ನೆನಪಾಗಿತ್ತು. ಆ ಐದು ನಿಮಿಷಕ್ಕೆ ಅಷ್ಟು ಬೆಲೆ ಇದೆ.

ಅಮೆರಿಕದಿಂದ ಬರುವ ಬಂದೂಕಿನ ಸುದ್ದಿಯೆಂದರೆ ಹೆಚ್ಚಾಗಿ ಸಾವಿನ ಸುದ್ದಿ ಎಂಬುದು ಓದುಗರಿಗೆ ಗೊತ್ತಿದೆ. ನಾನು ಕೆಲಸ ಮಾಡುವುದು ಆಸ್ಪತ್ರೆಯ ರಕ್ತಪರೀಕ್ಷಾ ಪ್ರಯೋಗಾಲಯದಲ್ಲಿ, ಅದೂ ರಾತ್ರಿ ಪಾಳಿ. ಗುಂಡೇಟು ತಿಂದವರಿಗೆ ರಕ್ತ ಹೊಂದಿಸಿ ಕಳಿಸಿದ ರಾತ್ರಿಗಳು ನನಗಿವೆ. ಅದಕ್ಕೇ ನಮ್ಮ ಮೈದಾನದ ಶಿಸ್ತು ನನಗೆ ಮುಖ್ಯ. ರೇಂಜ್ ಆಫೀಸರ್ ಹೇಳುವವರೆಗೆ ಪಿಸ್ತೂಲು ಖಾಲಿಯಾಗಿ ಸೊಂಟದಲ್ಲೇ ಇರಬೇಕು. ಗುರಿಗೆ ಹೊಡೆಯದೆ ನಡೆಯುವಾಗ, ಮ್ಯಾಗಜೀನ್ ಬದಲಿಸುವಾಗ ಬೆರಳು ಕುದುರೆಯಿಂದ ಹೊರಗಿರಬೇಕು. ನಳಿಗೆಯ ಬಾಯಿ ಎಂದಿಗೂ, ಗುರಿಗೆ ಎದುರಾಗಿ ನಿಂತಾಗಿನ ನಮ್ಮ ಭುಜದ ಗೆರೆ ದಾಟಿ ಹಿಂದಕ್ಕೆ, ಜನ ನಿಂತ ಕಡೆಗೆ ತಿರುಗಬಾರದು. ತಪ್ಪಿದರೆ ಅಂದಿನ ಪಂದ್ಯ ಅಲ್ಲಿಗೆ ಮುಗಿಯಿತು. ಎಷ್ಟು ದೊಡ್ಡ ಚಾಂಪಿಯನ್ ಆದರೂ ಅಷ್ಟೆ.

ನಾನು ಕೊಡಗಿನವಳು, ಮಡಿಕೇರಿ ತಾಲ್ಲೂಕಿನ ಅರೆಭಾಷೆ ಗೌಡರ ಮನೆಯ ಮಗಳು. ಜಮ್ಮಾ ಎಂಬ ವಂಶಪಾರಂಪರ್ಯ ಭೂಹಿಡುವಳಿಯ ಮನೆಯಾದ್ದರಿಂದ ಕೋವಿಗೆ ಲೈಸೆನ್ಸಿನ ವಿನಾಯಿತಿ ಇತ್ತು. ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೆ ಕೋವಿ ಒರೆಸಿ, ತೋಕ್ ಪೂ ಎಂಬ ಹೂ ಸಿಕ್ಕಿಸಿ, ಪೂಜೆ ಮಾಡಿ, ಮಧ್ಯಾಹ್ನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹದಿನಾಲ್ಕು ವರ್ಷದವಳಿದ್ದಾಗ ಮೊದಲ ಸಲ ಅಪ್ಪನ ಒಂಟಿನಳಿಗೆ ಕೋವಿ ಹಿಡಿದೆ. ಅಣ್ಣ ಹೇಗೆ ನಿಂತಿದ್ದನೋ ಹಾಗೇ ನಿಂತೆ, ಅವನಂತೆ ಬಲಹೆಗಲಿಗೇ ಇಟ್ಟುಕೊಂಡೆ. ನಾನು ಹುಟ್ಟಾ ಎಡಗೈಯವಳು. ಕುದುರೆ ಎಳೆದ ಕೂಡಲೇ ಕೋವಿ ಹಿಂದಕ್ಕೊದ್ದು ನಾನು ಕುಳಿತೇಬಿಟ್ಟೆ. ಅಪ್ಪ ಬಂದು ಎಬ್ಬಿಸಿ ಹೇಳಿದ್ದು ಇಷ್ಟೆ: "ಅವನ ಹೆಗಲು ಅವನದ್ದು. ನಿನ್ನ ಹೆಗಲಿಗೆ ಎಲ್ಲಿ ಕೂರ್ತದೆ, ನೀನೇ ನೋಡು." ಊಟಕ್ಕೆ ಕೂತಾಗ ಎಡಗೈ ಮುಂದೆ ಬಂದರೆ ಅಜ್ಜಿ ಗದರುತ್ತಿದ್ದ ಮನೆ ಅದು. ಕೋವಿಯ ಮಟ್ಟಿಗೆ ಎಡಗೈಗೆ ಒಪ್ಪಿಗೆ ಸಿಕ್ಕಿತ್ತು.

ಅಷ್ಟು ಚಿಕ್ಕಂದಿನಲ್ಲೇ ಕಲಿತ ಪಾಠವನ್ನು ಮೂವತ್ತು ವರ್ಷ ಕಳೆದ ಮೇಲೆ ಮರೆತೆ. ಆರು ವರ್ಷದ ಹಿಂದಿನ ಮಾತು. 24 ಗುಂಡಿನ ಸ್ಟೇಜ್. ಹಿಂದೆ ನಟ್ಟನಡುವೆ ನಿಂತು ಆರಂಭ. ಎಡ ಮೂಲೆಯಲ್ಲಿ ಮೂರು ರಟ್ಟು, ಎರಡು ಪಾಪರ್. ನಡುವೆ ಗೋಡೆಯಲ್ಲಿ ತಗ್ಗಿನ ಕಿಂಡಿ, ಅದರೊಳಗಿಂದಲೂ ಅಷ್ಟೇ. ಬಲ ಮೂಲೆಯಲ್ಲಿ ನಾಲ್ಕು ರಟ್ಟು. ಒಂದೊಂದು ಜಾಗದಲ್ಲಿ ಎಂಟೆಂಟು ಗುಂಡಿನ ಕೆಲಸ. ನಮ್ಮ ಸ್ಕ್ವಾಡಿನಲ್ಲಿ ಗ್ರ್ಯಾಂಡ್ ಮಾಸ್ಟರ್ ದರ್ಜೆಯ ಯುವಕನೊಬ್ಬನಿದ್ದ. ಆರಡಿ ಎತ್ತರ, ಬಲಗೈ, ಓಪನ್ ವಿಭಾಗದ ಪಿಸ್ತೂಲು, ಉದ್ದನೆಯ ಮ್ಯಾಗಜೀನಿನಲ್ಲಿ 29 ಗುಂಡು. ಅವನು ಎಡದಿಂದ ಶುರು ಮಾಡಿ, ಎಡ ಮೂಲೆಗೂ ಕಿಂಡಿಗೂ ನಡುವೆ ಎರಡು ಗೋಡೆ ಸೇರುವ ಸಂದಿಯಲ್ಲಿ, ಬಲ ಮೂಲೆಯ ಒಂದು ರಟ್ಟು ದೂರದಲ್ಲಿ ಅರ್ಧ ಕಾಣುವುದನ್ನು ಕಂಡುಹಿಡಿದಿದ್ದ. ಹೋಗುತ್ತಾ ಹೋಗುತ್ತಾ ಅಲ್ಲಿಂದಲೇ ಅದಕ್ಕೆ ಎರಡು ಗುಂಡು ಇಟ್ಟ. ಬಲ ಮೂಲೆಯಲ್ಲಿ ಇನ್ನೂ ಎರಡು ಹೆಜ್ಜೆ ಒಳಗೆ ಹೋಗುವ ಕೆಲಸ ಅವನಿಗೆ ತಪ್ಪಿತು. ಮ್ಯಾಗಜೀನ್ ಬದಲಿಸುವ ಮಾತೇ ಇಲ್ಲ. ಹನ್ನೆರಡೂವರೆ ಸೆಕೆಂಡು, 120ಕ್ಕೆ 114 ಅಂಕ, ಹಿಟ್ ಫ್ಯಾಕ್ಟರ್ 9.12. ನೋಡಲು ಎಷ್ಟು ಚಂದವಿತ್ತೆಂದರೆ, ನಾನು ಅಲ್ಲಿಯವರೆಗೆ ಹಾಕಿಕೊಂಡಿದ್ದ ಲೆಕ್ಕವನ್ನೆಲ್ಲ ಬಿಟ್ಟು ಅದನ್ನೇ ಮಾಡಲು ಹೊರಟೆ.

ನನ್ನದು ಸಿಂಗಲ್ ಸ್ಟ್ಯಾಕ್ ವಿಭಾಗ. ಹಳೆಯ 1911 ಮಾದರಿಯ ಪಿಸ್ತೂಲು. ಮ್ಯಾಗಜೀನಿನಲ್ಲಿ ಹತ್ತು, ನಳಿಗೆಯಲ್ಲಿ ಒಂದು, ಒಟ್ಟು ಹನ್ನೊಂದು ಗುಂಡು. ಎತ್ತರ ಐದಡಿ ಒಂದಿಂಚು. ಎಡಗೈ. ಇವುಗಳಲ್ಲಿ ಒಂದನ್ನೂ ನಾನು ಆ ಹೊತ್ತಿನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಎಡ ಮೂಲೆಯಲ್ಲಿ ಪಾಪರ್‌ಗಳಿಗೆ ಎರಡು ಗುಂಡು ಹೆಚ್ಚಿಗೆ ಹೋದವು. ಎಂಟರ ಜಾಗದಲ್ಲಿ ಹತ್ತು. ಸಂದಿಗೆ ಬರುವಾಗ ಉಳಿದದ್ದು ಒಂದೇ. ಆ ದೂರದ ರಟ್ಟಿಗೆ ಒಂದು ಹೊಡೆದೆ, ಪಿಸ್ತೂಲು ಬಾಯಿ ತೆರೆದು ನಿಂತಿತು. ಬಲಕ್ಕೆ ಸರಿಯುತ್ತಾ ಮ್ಯಾಗಜೀನ್ ಬದಲಿಸಲು ಹೋದೆ. "ಮಝಲ್!" ಎಂದು ರೇಂಜ್ ಆಫೀಸರ್ ಕೂಗಿದರು. ನಳಿಗೆ ಹಿಂದಕ್ಕೆ ತಿರುಗುತ್ತಿತ್ತು. ಇನ್ನೊಂದು ಗೇಣು ಹೋಗಿದ್ದರೆ ಗೆರೆ ದಾಟಿರುತ್ತಿತ್ತು. ಎದೆ ಹೊಡೆದುಕೊಳ್ಳತೊಡಗಿತು. ಸಂದಿಯ ರಟ್ಟಿಗೆ ಇನ್ನೊಂದು ಬಾಕಿ ಇದೆ ಎಂಬುದೂ ಮರೆತುಹೋಯಿತು. ಬಲ ಮೂಲೆಗೆ ಹೋದಾಗ ಯಾವುದನ್ನು ಆಗಲೇ ಹೊಡೆದಿದ್ದೆ ಎಂದು ಗುರುತು ಹತ್ತದೆ, ಮುಟ್ಟದೇ ಇದ್ದ ಇನ್ನೊಂದನ್ನು ಹಾಗೇ ಬಿಟ್ಟು ಬಂದೆ. ಮೂರು ಗುಂಡು ಲೆಕ್ಕಕ್ಕಿಲ್ಲ, ಮೂವತ್ತು ಖೋತಾ. ಒಂದು ಟಾರ್ಗೆಟಿನ ಕಡೆ ಗುಂಡನ್ನೇ ಹಾರಿಸದಿದ್ದಕ್ಕೆ ಇನ್ನೂ ಹತ್ತು. ಗಳಿಸಿದ 89 ಅಂಕದಲ್ಲಿ 49 ಉಳಿಯಿತು. 34.20 ಸೆಕೆಂಡು. ಹಿಟ್ ಫ್ಯಾಕ್ಟರ್ 1.43.

ನಳಿಗೆ ಹಿಂದಕ್ಕೆ ತಿರುಗಿದ್ದು ಏಕೆ ಎಂದು ಮನೆಗೆ ಬಂದು ಕನ್ನಡಿ ಮುಂದೆ ಖಾಲಿ ಪಿಸ್ತೂಲು ಹಿಡಿದು ನೋಡಿದ ಮೇಲೆ ಅರ್ಥವಾಯಿತು. ಮ್ಯಾಗಜೀನ್ ಹಾಕಲು ಪಿಸ್ತೂಲಿನ ಹಿಡಿಯ ತಳವನ್ನು ಇನ್ನೊಂದು ಕೈಯ ಕಡೆಗೆ ವಾಲಿಸುತ್ತೇವೆ. ಬಲಗೈಯವರಿಗೆ ಆಗ ನಳಿಗೆ ಮೈಯ ಎಡಕ್ಕೆ ಓರೆಯಾಗುತ್ತದೆ. ಅವರು ಬಲಕ್ಕೆ ಓಡುತ್ತಿದ್ದರೆ ಮೈಯ ಎಡವೆಂದರೆ ಟಾರ್ಗೆಟ್‌ಗಳ ದಿಕ್ಕು, ಏನೂ ಭಯವಿಲ್ಲ. ಎಡಗೈಯವಳಾದ ನನಗೆ ಎಲ್ಲ ತಿರುಗುಮುರುಗು. ಬಲಕ್ಕೆ ಓಡುವಾಗ ನನ್ನ ನಳಿಗೆ ಓರೆಯಾಗುವುದು ಜನ ನಿಂತ ಕಡೆಗೆ. ಎಡದಿಂದ ಬಲಕ್ಕೆ ಹೋಗುವ ಆ ಪ್ಲಾನ್ ಅವನಿಗೆ ಅತ್ಯಂತ ಸುಲಭದ್ದು, ನನಗೆ ಅತ್ಯಂತ ಅಪಾಯದ್ದು. ಅವನು ಅದನ್ನು ನನಗೆ ಹೇಳಿಕೊಟ್ಟಿರಲಿಲ್ಲ, ನಾನೇ ಕದ್ದದ್ದು.

ಕ್ಲಬ್ಬುಗಳು ಹಳೆಯ ಸ್ಟೇಜ್‌ಗಳನ್ನು ಆಗಾಗ ಮತ್ತೆ ಕಟ್ಟುತ್ತವೆ. ಎರಡು ವರ್ಷದ ಮೇಲೆ ಅದೇ ಸ್ಟೇಜ್ ಮತ್ತೆ ಎದುರಾಯಿತು. ಈ ಸಲ ನಾನು ಮೊದಲು ನೋಡಿದ್ದು ನನ್ನ ಸೊಂಟಪಟ್ಟಿಯನ್ನು: ಹನ್ನೊಂದು ಗುಂಡು, ಆಮೇಲೆ ಹತ್ತು ಹತ್ತು. ಪ್ರತಿ ಜಾಗಕ್ಕೆ ಎಂಟು ಬೇಕು, ಮೂರು ಉಳಿಕೆ. ಆದ್ದರಿಂದ ಜಾಗ ಬಿಟ್ಟು ಹೊರಡುವಾಗಲೆಲ್ಲ ಹೊಸ ಮ್ಯಾಗಜೀನ್, ಅದರಲ್ಲಿ ಮರುಮಾತಿಲ್ಲ. ಸಂದಿಯನ್ನು ಮರೆತುಬಿಡುವುದು. ಬಲ ಮೂಲೆಯಿಂದ ಶುರು ಮಾಡಿ ಎಡಕ್ಕೆ ಬರುವುದು, ಆಗ ನನ್ನ ನಳಿಗೆ ತಾನಾಗಿಯೇ ಮುಂದಕ್ಕೆ ಓರೆಯಾಗುತ್ತದೆ. ನಡುವಿನ ತಗ್ಗು ಕಿಂಡಿಗೆ ಎತ್ತರದ ಗಂಡಸರೆಲ್ಲ ಮಂಡಿ ಬಗ್ಗಿಸಿ ಕೂತು ಏಳಬೇಕು. ನನಗೆ ಅದು ಸರಿಯಾಗಿ ಕಣ್ಣಿನ ಮಟ್ಟಕ್ಕೇ ಇತ್ತು. ನಡೆದು ಬಂದು ನಿಂತರಾಯಿತು. ಇಷ್ಟು ವರ್ಷ ಕುಳ್ಳಗಿದ್ದೇನೆಂದು ಕೊರಗಿದವಳಿಗೆ ಆ ಕಿಂಡಿ ನನಗಾಗಿಯೇ ಕೊರೆದಂತೆ ಕಂಡಿತು.

ಸ್ಕ್ವಾಡಿನ ಹನ್ನೊಂದು ಜನ ಎಡಕ್ಕೆ ಹೋದರು. ನಾನೊಬ್ಬಳು ಬಲಕ್ಕೆ ಹೋದೆ. 110 ಅಂಕ, 28.60 ಸೆಕೆಂಡು, ಹಿಟ್ ಫ್ಯಾಕ್ಟರ್ 3.85. ಗ್ರ್ಯಾಂಡ್ ಮಾಸ್ಟರ್ ಮಾಡಿದ್ದರ ಅರ್ಧವೂ ಆಗಲಿಲ್ಲ. ಆದರೆ ಅಂದು ಒಂದು ಗುಂಡೂ ಲೆಕ್ಕ ತಪ್ಪಲಿಲ್ಲ, ರೇಂಜ್ ಆಫೀಸರ್ ನನ್ನ ಹಿಂದೆ ಬಾಯಿ ತೆರೆಯಲಿಲ್ಲ.

ಪ್ಲಾನ್ ಮಾಡಿದರೆ ಸಾಲದು, ಅದು ಕಣ್ಣು ಮುಚ್ಚಿದರೆ ಕಾಣಬೇಕು. ನನ್ನ ಸರದಿಗೆ ಮುಂಚೆ ನೆರಳಿನಲ್ಲಿ ಒಬ್ಬಳೇ ನಿಂತು ಮೂರು ಸಲ ಆ ಸ್ಟೇಜನ್ನು ಒಳಗೊಳಗೇ ಓಡುತ್ತೇನೆ. ಎಡಗಾಲು ಇಡುವ ಕಲ್ಲು ಯಾವುದು, ಮೊದಲ ರಟ್ಟಿನ ಯಾವ ಬಿಂದುವಿನ ಮೇಲೆ ಕಣ್ಣು ನೆಡಬೇಕು, ಯಾವ ಹೆಜ್ಜೆಗೆ ಕೈ ಸೊಂಟಕ್ಕೆ ಹೋಗಬೇಕು, ಎಲ್ಲವೂ. ಎಣಿಕೆ ಕನ್ನಡದಲ್ಲೇ. ಇಪ್ಪತ್ತು ವರ್ಷ ಇಲ್ಲಿದ್ದರೂ ಅವಸರದಲ್ಲಿ ನನಗೆ ಇಂಗ್ಲಿಷ್ ಅಂಕಿ ಬರುವುದಿಲ್ಲ. ಮೂರನೆಯ ಸಲ ಯಾವುದಾದರೂ ಒಂದು ಕಡೆ ಚಿತ್ರ ಮಸುಕಾದರೆ ನೆನಪಿನ ಶಕ್ತಿಯನ್ನು ದೂರುವುದಿಲ್ಲ, ಪ್ಲಾನ್ ನನ್ನ ಅಳತೆಗೆ ದೊಡ್ಡದಾಯಿತು ಎಂದು ತಿಳಿದು ಅಲ್ಲೇ ಒಂದು ಮಡಿಕೆ ಕಡಿಮೆ ಮಾಡುತ್ತೇನೆ. ಬೀಪ್ ಆದ ಮೇಲೆ ಯೋಚಿಸಲು ಸಮಯವಿಲ್ಲ. ಆಮೇಲೆ ಯೋಚಿಸಿದವರು ಹುಬ್ಬಳ್ಳಿಯ ಹುಡುಗನಂತೆ ನಿಂತುಬಿಡುತ್ತಾರೆ. ಮತ್ತೊಂದು ಮಾತು. ಒಮ್ಮೆ ಲೆಕ್ಕ ಹಾಕಿದ ಮೇಲೆ, ನನ್ನ ಮುಂದಿನವರು ಏನೋ ಹೊಸದು ಮಾಡಿದರೆಂದು ಬದಲಿಸುವುದಿಲ್ಲ. ಅವರು ಹೊಡೆಯುವಾಗ ಅವರ ಕಡೆ ನೋಡುವುದನ್ನೇ ಬಿಟ್ಟಿದ್ದೇನೆ. ನನ್ನ ಪಾಲಿನ ಕೆಲಸ, ರಟ್ಟಿನ ತೂತುಗಳಿಗೆ ಅಂಟುಚೀಟಿ ಹಚ್ಚುವುದು, ಬಿದ್ದ ಪಾಪರ್ ಎತ್ತಿ ನಿಲ್ಲಿಸುವುದು, ಅದನ್ನು ಮಾತ್ರ ಮಾಡುತ್ತೇನೆ.

ತೂಗಾಡುವ ಟಾರ್ಗೆಟ್ ಇದ್ದರಂತೂ ನಕಲು ಇನ್ನೂ ದುಬಾರಿ. ಒಂದು ಪಾಪರ್ ಬಿದ್ದರೆ ಅದರ ತಂತಿ ಎಳೆದು ರಟ್ಟೊಂದು ಉಯ್ಯಾಲೆಯಂತೆ ತೂಗತೊಡಗುತ್ತದೆ. ಚುರುಕಿನವರು ಪಾಪರ್ ಹೊಡೆದು, ನಡುವೆ ಎರಡು ರಟ್ಟು ಮುಗಿಸಿ, ತೂಗು ಹೊರಬರುವ ಕ್ಷಣಕ್ಕೆ ಸರಿಯಾಗಿ ಅಲ್ಲಿರುತ್ತಾರೆ. ನಾನು ನಡುವೆ ಒಂದನ್ನೇ ಮುಗಿಸುತ್ತೇನೆ. ಉಯ್ಯಾಲೆ ಎರಡು ತುದಿಗಳಲ್ಲಿ ಒಂದು ಉಸಿರಿನಷ್ಟು ನಿಂತು ತಿರುಗುತ್ತದೆಂದು ಮಕ್ಕಳಿಗೂ ಗೊತ್ತು. ಆ ತುದಿಯ ಮೇಲೆ ಕಣ್ಣಿಟ್ಟು ಕಾಯುತ್ತೇನೆ.

ಹಿರಿಯರ ಅನುಭವಕ್ಕೆ ಬೆಲೆಯಿಲ್ಲವೇ ಎಂದು ನಮ್ಮ ಕ್ಲಬ್ಬಿನವರು ಕೇಳುತ್ತಾರೆ. ಇದೆ. ಹಿಡಿತ, ಕುದುರೆ ಎಳೆಯುವ ಹದ, ಗುರಿ ನೋಡುವ ರೀತಿ, ಇವನ್ನು ಬಲ್ಲವರಿಂದಲೇ ಕಲಿಯಬೇಕು. ನಾನೂ ಹಾಗೇ ಕಲಿತೆ. ಅಲ್ಲಿಯೂ ಈ ಕ್ರೀಡೆಯ ಇತಿಹಾಸ ಒಂದು ಎಚ್ಚರಿಕೆ ಹೇಳುತ್ತದೆ. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಬೇರ್‌ನಲ್ಲಿ ಜೆಫ್ ಕೂಪರ್ ನಡೆಸುತ್ತಿದ್ದ ಪಂದ್ಯಗಳಲ್ಲಿ ಹೆಚ್ಚಿನವರು ಒಂದೇ ಕೈಯಲ್ಲಿ, ಸೊಂಟದ ಮಟ್ಟದಿಂದಲೇ ಹೊಡೆಯುತ್ತಿದ್ದಾಗ, ಜ್ಯಾಕ್ ವೀವರ್ ಎಂಬ ಶೆರಿಫ್ ಇಲಾಖೆಯ ಡೆಪ್ಯುಟಿ ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ಮಟ್ಟಕ್ಕೆ ಎತ್ತಿ ಗೆದ್ದರು. ಕೂಪರ್ ಅದನ್ನೇ ಎಲ್ಲರಿಗೂ ಕಲಿಸಿದರು. 1976ರಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಸಭೆ ಸೇರಿ ಐಪಿಎಸ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷರು. ಆಮೇಲೆ 1980ರ ದಶಕದಲ್ಲಿ ನಮ್ಮ ಅರಿಜೋನಾದ ರಾಬ್ ಲೆಥಮ್ ಮತ್ತು ಬ್ರಯಾನ್ ಎನೋಸ್ ಎಂಬ ಇಬ್ಬರು ತರುಣರು ಕೂಪರ್ ಕಲಿಸಿದ ಓರೆ ನಿಲುವು ಬಿಟ್ಟು, ಎದೆಯನ್ನು ನೇರ ಗುರಿಗೆ ಒಡ್ಡಿ, ಎರಡೂ ತೋಳು ಸಮವಾಗಿ ಚಾಚಿ ಹೊಡೆದರು. ಇಂದು ಮೈದಾನದಲ್ಲಿ ಹೆಚ್ಚಿನವರು ನಿಲ್ಲುವುದು ಹಾಗೆ. ಕೂಪರ್ ಅವರನ್ನು ನಾನು ಗೌರವಿಸುತ್ತೇನೆ, ಆದರೆ ಎಲ್ಲರೂ ಅವರಂತೆಯೇ ನಿಂತಿದ್ದರೆ ಈ ಆಟ ಅಲ್ಲೇ ನಿಂತಿರುತ್ತಿತ್ತು.

ಹುಬ್ಬಳ್ಳಿಯ ಹುಡುಗನಿಗೆ ಮುಂದಿನ ಸ್ಟೇಜಿನಲ್ಲಿ ನಾನು ದಾರಿ ಹೇಳಲಿಲ್ಲ. "ನಿನ್ನ ಮ್ಯಾಗಜೀನ್ ಎಷ್ಟು ಗುಂಡಿಂದಪ್ಪ?" ಎಂದೆ. "ಹದಿನೈದ್ರಿ." "ಇಲ್ಲಿ ನಿಂತರೆ ನಿನಗೆ ಎಷ್ಟು ಟಾರ್ಗೆಟ್ ಕಾಣ್ತದೆ?" ಎಣಿಸಿ ಹೇಳಿದ. "ಎಷ್ಟು ದೂರದವರೆಗೆ ಧೈರ್ಯವಾಗಿ ಹೊಡೀತೀಯ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕಡೀ ಎರಡು ಆಗಂಗಿಲ್ರಿ ಅಕ್ಕಾರ, ಹತ್ರ ಹೋಗ್ಬೇಕು" ಎಂದ. ಆಮೇಲೆ ಅವನೇ ಓಡಾಡಿದ, ಅವನೇ ತುಟಿ ಅಲ್ಲಾಡಿಸಿ ಎಣಿಸಿದ. ಸರದಿ ಬಂದಾಗ ನಿಧಾನವಾಗಿ ಹೋದ, ಹತ್ತಿರ ಹೋಗಿ ಹೊಡೆದ, ಎಲ್ಲೂ ನಿಂತು ಯೋಚಿಸಲಿಲ್ಲ. ಸ್ಕ್ವಾಡಿನಲ್ಲಿ ಕೊನೆಯವನೇ ಆದ. ಅವನ ಕಾಗದದಲ್ಲಿ ಖೋತಾದ ಕಾಲಂ ಮಾತ್ರ ಖಾಲಿ ಇತ್ತು.

ಹೊಸಬರಿಗೆ ಹೇಳಿಕೊಡುವ ಹಿರಿಯರಲ್ಲಿ, ಕೈಲ್ ಮುಹೂರ್ತಕ್ಕೆ ಊರಿನಲ್ಲಿ ಮಕ್ಕಳ ಕೈಗೆ ಮೊದಲ ಸಲ ಕೋವಿ ಕೊಡುವವರಲ್ಲಿ ನನ್ನದೊಂದು ಬೇಡಿಕೆ. ಸುರಕ್ಷತೆಯ ನಿಯಮವನ್ನು ನೂರು ಸಲ ಹೇಳಿ, ಗದರಿಯೇ ಹೇಳಿ. ಅದಾದ ಮೇಲೆ ಯಾವ ಕೈಯವರೆಂದು ಕೇಳಿ, ಎಷ್ಟು ದೂರ ಕಾಣುತ್ತದೆಂದು ಕೇಳಿ. ಆಮೇಲೆ ಐದು ನಿಮಿಷ ಪಕ್ಕಕ್ಕೆ ಸರಿದು ನಿಲ್ಲಿ.